ಮೂರನೇ ಮಹಡಿಯ ಕುದುರೆ

ಅಳತೆರಾಯರ ಬಾಯಿ ಜಾರಿದ್ದು ಅತ್ತೆಮನೆಯ ಊಟದ ಮೇಜಿನ ಮುಂದೆ. ಗಂಡಸರ ಬಾಯಿ ಸಾಮಾನ್ಯವಾಗಿ ಜಾರುವುದು ಇಂಥ ಕಡೆಯೇ. ಒಬ್ಬನೇ ಕೂತು ಪೇಪರು ಓದುವಾಗ ಯಾರ ಬಾಯಿಯೂ ಜಾರಿದ ಸುದ್ದಿ ಇಲ್ಲ.

ಅವರಿಗೆ ಬೇರೆ ಹೆಸರೂ ಇದೆ. ಅದು ಕರೆಂಟು ಬಿಲ್ಲಿನಲ್ಲಿ ಮಾತ್ರ ಉಳಿದುಕೊಂಡಿದೆ. ಪರದೆ ಅಂಗಡಿಯಲ್ಲಿ ಕೆಲಸ. ಮನೆಮನೆಗೆ ಹೋಗಿ ಕಿಟಕಿಗಳ ಅಳತೆ ತಂದು ಹೊಲಿಯುವವರಿಗೆ ಕೊಡುವುದು. ಆದ್ದರಿಂದ ಇಡೀ ಬೀದಿಗೆ ಅವರು ಅಳತೆರಾಯರು. ಅವರದೊಂದು ಗುಣವಿತ್ತು. ತಾಲೀಮು ಮಾಡಿ ನೋಡದೆ ಯಾವ ಕೆಲಸಕ್ಕೂ ಕೈಹಾಕುವವರಲ್ಲ. ಈ ಮನೆಗೆ ಬರುವ ಮುಂಚೆ ಖಾಲಿ ಪೆಟ್ಟಿಗೆಗಳನ್ನು ಹೊತ್ತು ಮೂರು ಮಹಡಿ ಹತ್ತಿ ಇಳಿದಿದ್ದರು. ಹಲ್ಲು ಕೀಳಿಸಿಕೊಳ್ಳುವ ಹಿಂದಿನ ದಿನ ಕನ್ನಡಿಯ ಮುಂದೆ ಬಾಯಿ ತೆರೆದುಕೊಂಡು ಕೂತು, ದವಡೆಯೇ ಸೆಟೆದುಕೊಂಡು, ಮರುದಿನ ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆಯಲಾಗದೆ ವಾಪಸು ಬಂದಿದ್ದರು. ಮದುವೆಯಾದಾಗಿನಿಂದ ಹೆಂಡತಿಯನ್ನು ಎಲ್ಲಿಗೂ ಪ್ರವಾಸ ಕರೆದುಕೊಂಡು ಹೋಗಿರಲಿಲ್ಲ. ಪ್ರತಿ ಸಲವೂ ತಾಲೀಮು ಮುಗಿಯುವಷ್ಟರಲ್ಲಿ ರಜೆ ಮುಗಿದಿರುತ್ತಿತ್ತು.

ಆ ದಿನ ಅವರ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಊಟಕ್ಕೆ ಕೂತವರಿಗೆಲ್ಲ ಫೋನಿನಲ್ಲಿ ಫೋಟೋ ತೋರಿಸುತ್ತಿದ್ದ. ಎಲ್ಲ ಫೋಟೋದಲ್ಲೂ ಒಂದು ಹೋಟೆಲಿನ ಈಜುಕೊಳ, ಎಲ್ಲ ಈಜುಕೊಳದಲ್ಲೂ ಷಡ್ಡಕ.

"ಚಹಾನೂ ನೀರಿನೊಳಗೇ ತಂದುಕೊಡ್ತಾರೆ. ನಾವು ಏಳೋದೇ ಬೇಡ," ಎಂದ ಷಡ್ಡಕ. ಆಮೇಲೆ ರಾಯರ ಕಡೆ ತಿರುಗಿ, ಬಹಳ ಕನಿಕರದಿಂದ, "ನೀವು ಈ ವರ್ಷವೂ ಮನೇಲೇ ಅಲ್ವಾ? ಪರವಾಗಿಲ್ಲ ಬಿಡಿ. ಕಿಟಕಿಗೆ ಪರದೆಗಳಾದ್ರೂ ಚೆನ್ನಾಗಿವೆ," ಎಂದ.

ರಾಯರು ತುತ್ತು ನುಂಗಿದರು. "ನಾವು ಕಾಡಿಗೆ ಹೋಗ್ತಿದೀವಿ, ಭಾವ."

"ಕಾಡಿಗಾ?"

"ನಾಲ್ಕು ದಿನ. ಟೆಂಟು ಹಾಕ್ಕೊಂಡು."

ಇಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಷಡ್ಡಕನ ಮುಖದಲ್ಲಿ ಇನ್ನೂ ಸ್ವಲ್ಪ ಈಜುಕೊಳ ಉಳಿದಿತ್ತು. ಅದನ್ನೂ ಒರೆಸಿಬಿಡೋಣವೆಂದು ರಾಯರು, "ಕುದುರೆ ಮೇಲೆ," ಎಂದುಬಿಟ್ಟರು.

"ನಿಮಗೆ ಸವಾರಿ ಬರುತ್ತಾ?"

"ಬರೋದೇನು ಬಂತು. ಕೂತ್ರೆ ಅದೇ ಹೋಗುತ್ತೆ."

ಹೆಂಡತಿ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡು ನಿಂತಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ಎಂಥ ಡಾಕ್ಟರ ಗೀಚು ಬರಹವನ್ನೂ ಒಂದೇ ನೋಟಕ್ಕೆ ಓದಬಲ್ಲಳು. ಗಂಡನ ಮುಖವನ್ನು ಹಾಗೆಯೇ ಒಮ್ಮೆ ನೋಡಿದಳು. ಬಸ್ಸಿಳಿದು ಮನೆಯ ಮೆಟ್ಟಿಲ ಹತ್ತಿರ ಬಂದ ಮೇಲೆ, "ರೀ, ನಿಜವಾಗ್ಲೂ ಹೋಗ್ತೀವಾ?" ಎಂದು ಕೇಳಿದಳು.

ಇಲ್ಲ ಕಣೇ, ಸುಮ್ಮನೆ ಅಂದೆ ಎನ್ನಬೇಕೆಂದೇ ರಾಯರು ಬಾಯಿ ತೆರೆದರು. "ಮತ್ತೆ?" ಎಂಬ ಮಾತು ಹೊರಬಂತು.

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿಕೊಂಡು ಹೋದಳು. ಕಾಲುನೋವೆಂದು ದಿನವೂ ಲಿಫ್ಟಿಗೇ ಕಾಯುವ ಹೆಂಗಸು. ರಾಯರಿಗೆ ಅದನ್ನು ನೋಡಿ ಸಂತೋಷವಾಯಿತು. ಅದರ ಹಿಂದೆಯೇ ಹೆದರಿಕೆಯೂ ಹತ್ತಿಬಂತು. ಏಕೆಂದರೆ ಅವರಿಗೆ ಕುದುರೆಯೆಂದರೆ ಪ್ರಾಣಭಯ. ಬೀದಿಯಲ್ಲಿ ಕುದುರೆಗಾಡಿ ಬಂದರೆ ಆಚೆ ಬದಿಗೆ ದಾಟುವವರು, ಅಲ್ಲೂ ಅಂಗಡಿ ಇದ್ದರೆ ಒಳಗೆ ನುಗ್ಗಿ ಬೇಡದ ಸಾಮಾನು ಕೊಳ್ಳುವವರು.

ಊರಾಚೆ ಲಾಯ ಇಟ್ಟುಕೊಂಡು, ಜನರನ್ನು ಕಾಡಿಗೆ ಕರೆದುಕೊಂಡು ಹೋಗುವ ಒಬ್ಬ ಕುದುರೆಯವನಿದ್ದ. ರಾಯರು ಅವನನ್ನು ಮಾತಾಡಿಸಿದ್ದು ಬೇಲಿಯ ಹೊರಗೆ ನಿಂತು.

"ಒಳಗೆ ಬನ್ನಿ," ಎಂದ ಅವನು.

"ಇಲ್ಲಿಂದ್ಲೇ ಚೆನ್ನಾಗಿ ಕೇಳಿಸುತ್ತೆ."

ಮುಂದಿನ ವಾರದ ಶುಕ್ರವಾರ ಬೆಳಗ್ಗೆ ಹೊರಡುವುದೆಂದು ಗೊತ್ತಾಯಿತು. ಟೆಂಟು ನಿಮ್ಮದು, ಪಾತ್ರೆ ನನ್ನದು ಎಂದ. ಹೊರೆ ಹೊರುವ ಕುದುರೆಗೆ ಎರಡೂ ಕಡೆ ಸಮತೂಕ ಇರಬೇಕು, ಒಂದು ಚಮಚ ಆಚೀಚೆಯಾದರೂ ಅದು ಮುಖ ತಿರುಗಿಸಿಕೊಂಡು ನಿಲ್ಲುತ್ತದೆ ಎಂದ. "ಹಿಂದೆ ಹತ್ತಿದೀರಾ?" ಎಂದೂ ಕೇಳಿದ.

"ಹತ್ತಿದೀನಿ," ಎಂದರು ರಾಯರು. ಪಕ್ಕದಲ್ಲಿದ್ದ ಕಂದು ಕುದುರೆ ಮೂಗಿನಿಂದ ಫುರ್ ಎಂದು ಗಾಳಿ ಬಿಟ್ಟಿತು. ಅದು ನಂಬಲಿಲ್ಲ.

ಕುದುರೆಯವನದೊಂದು ಪದ್ಧತಿಯಿತ್ತು. ಹೊಸಬರು ಯಾರೇ ಬರಲಿ, ಹೊರಡುವ ಮುಂಚೆ ಒಂದು ಹಳೇ ಜೀನನ್ನೂ, ಕುದುರೆಯ ಬೆನ್ನಿಗೆ ಹಾಸುವ ಕಂಬಳಿಯನ್ನೂ ಮನೆಗೆ ಕೊಟ್ಟು ಕಳಿಸುತ್ತಿದ್ದ. ಜೀನಿನ ಮೇಲೆ ಕೂತು ತೊಡೆ ಗಟ್ಟಿ ಮಾಡಿಕೊಳ್ಳಬೇಕು. ಕಂಬಳಿಯನ್ನು ಮೈಗೆ ಸುತ್ತಿಕೊಂಡು ಓಡಾಡಬೇಕು. "ಅದರ ವಾಸನೆ ನಿಮಗೆ ಹತ್ತಬೇಕು, ನಿಮ್ಮ ವಾಸನೆ ಅದಕ್ಕೆ ಹತ್ತಬೇಕು. ಆಮೇಲೆ ಪರಿಚಯದವರ ಥರ ಇರುತ್ತೆ ನೋಡಿ," ಎಂದ. ಕಂಬಳಿಯ ಜೊತೆಗೆ ಒಂದಿಷ್ಟು ಒಣಹುಲ್ಲೂ ಅಂಟಿಕೊಂಡು ಬಂತು.

ರಾಯರು ಜೀನನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ಬಾಗಿಲು ತೆರೆಯಿತು. ಅಲ್ಲಿರುವವರು ಟೀಚರಮ್ಮ, ಶಾಲೆಯಿಂದ ನಿವೃತ್ತರಾಗಿದ್ದರೂ ವಿಚಾರಣೆಯಿಂದ ನಿವೃತ್ತರಾಗಿರಲಿಲ್ಲ.

"ಏನದು?"

"ಜೀನು, ಟೀಚರ್."

"ಯಾತಕ್ಕೆ?"

"ಕುದುರೆಗೆ."

ಇಷ್ಟೇ ಮಾತು. ಆದರೆ ಚಿಕ್ಕ ಉತ್ತರ ಕೊಡುವವರು ದೊಡ್ಡ ವಿಷಯ ಮುಚ್ಚಿಡುತ್ತಾರೆಂಬುದು ಟೀಚರಮ್ಮ ಸರ್ವಿಸಿನುದ್ದಕ್ಕೂ ಕಂಡುಕೊಂಡ ಸತ್ಯ. ಅಂದು ಸಂಜೆಯೇ ಅವರ ತಲೆಯ ಮೇಲೆ ಸದ್ದು ಶುರುವಾಯಿತು. ರಾಯರು ಸೋಫಾದ ಕೈಗೆ ಜೀನು ಬಿಗಿದು, ಹತ್ತಿ, ಕಣ್ಣು ಮುಚ್ಚಿಕೊಂಡು ಧಡ್ ಎಂದು ಇಳಿಯುತ್ತಿದ್ದರು. ಮತ್ತೆ ಹತ್ತುತ್ತಿದ್ದರು. ಹೆಂಡತಿ ಎದುರಿಗೆ ನಿಂತು, ಕುದುರೆಯವನು ಹೇಳಿಕೊಟ್ಟ ಹಾಗೆ ನಾಲಿಗೆಯಿಂದ ಟಕ್ ಟಕ್ ಎನ್ನಿಸುತ್ತ ಸೋಫಾವನ್ನು ಹುರಿದುಂಬಿಸುತ್ತಿದ್ದಳು. ಎರಡು ದಿನದಲ್ಲಿ ಕಂಬಳಿಯ ವಾಸನೆ ಪರದೆಗಳಿಗೆ ಹತ್ತಿ, ಪರದೆಗಳಿಂದ ಕಿಟಕಿ ದಾಟಿ, ಕಟ್ಟಡದ ಎಲ್ಲರ ಮೂಗಿಗೂ ತಲುಪಿತು. ಟೀಚರಮ್ಮ ಲೆಕ್ಕ ಬಿಡಿಸಿ ಮುಗಿಸಿದರು. ಜೀನು ಇದೆ, ಗೊರಸಿನ ಸದ್ದಿದೆ, ವಾಸನೆ ಇದೆ. ಇನ್ನು ಉಳಿದದ್ದೇನು?

ಮರುದಿನ ಬೆಳಗ್ಗೆ ಕಟ್ಟಡದ ಸಂಘದ ಅಧ್ಯಕ್ಷರು ಬಾಗಿಲು ಬಡಿದರು. ಹಿಂದೆ ಟೀಚರಮ್ಮ. ಕುದುರೆ ಇದೆಯೇ ಎಂದು ಅಧ್ಯಕ್ಷರು ಕೇಳಲಿಲ್ಲ. ಅವರು ಆ ಹಂತ ದಾಟಿ ಬಂದಿದ್ದರು.

"ಲಿಫ್ಟಲ್ಲಿ ತಂದ್ರೋ, ಮೆಟ್ಟಿಲ ಮೇಲೆ ತಂದ್ರೋ?"

"ಏನನ್ನ?"

"ನೋಡಿ, ನಾನು ಸಮಾಧಾನದ ಮನುಷ್ಯ. ಲಿಫ್ಟಿಗೆ ಆರು ಜನರ ಮಿತಿ ಇದೆ. ಕುದುರೆ ಎಷ್ಟು ಜನ ಅಂತ ಸಂಘದ ನಿಯಮದಲ್ಲಿ ಬರೆದಿಲ್ಲ, ಒಪ್ಕೋತೀನಿ. ಆದರೂ ಒಂದು ಅಂದಾಜು ಇರಬೇಕಲ್ವಾ?"

"ಸ್ವಾಮಿ, ಕುದುರೆ ಇಲ್ಲ."

"ಮತ್ತೆ ಈ ವಾಸನೆ?"

"ಕಂಬಳೀದು."

"ಕಂಬಳಿ ಯಾರದು?"

ರಾಯರು ಪ್ರಾಮಾಣಿಕರು. "ಕುದುರೇದು," ಎಂದರು.

ಟೀಚರಮ್ಮ ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ಕತ್ತು ಚಾಚಿ ಒಳಗೆ ನೋಡಿದರು. ಮುಂದಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಟೆಂಟು ನಿಂತಿತ್ತು, ಅದೂ ತಾಲೀಮಿಗೆ. "ಒಳಗೆ ಬಂದು ನೋಡಿ," ಎಂದು ರಾಯರು ಟೆಂಟಿನ ಬಾಗಿಲು ಎತ್ತಹೋದರು. ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದು, "ಬೇಡ, ಬೇಡ. ಹೊಸಬರನ್ನ ಕಂಡ್ರೆ ಒದೀಬಹುದು," ಎಂದು ಇಳಿದುಹೋದರು. ರಾಯರಿಗೆ ತಲೆ ಚಿಟ್ಟುಹಿಡಿಯಿತು. ಇಲ್ಲದ ಕುದುರೆಗೆ ಮನುಷ್ಯ ಇದಕ್ಕಿಂತ ಹೆಚ್ಚೇನು ಮಾಡಬೇಕು?

ದೂರು ನಗರಸಭೆಗೆ ಹೋಯಿತು. ಮರುವಾರ ಪ್ರಾಣಿ ವಿಭಾಗದ ಇನ್‌ಸ್ಪೆಕ್ಟರು ಬಂದರು. ಹೆಂಡತಿ ಔಷಧಿ ಅಂಗಡಿಗೆ ಹೋಗಿದ್ದಳು. ಇನ್‌ಸ್ಪೆಕ್ಟರು ಹೊಸ್ತಿಲಾಚೆಯೇ ನಿಂತರು. ಕುದುರೆ ಇರುವ ಮನೆಯೊಳಗೆ ಪಶುವೈದ್ಯರಿಲ್ಲದೆ ಕಾಲಿಡುವ ಅಧಿಕಾರ ಅವರಿಗಿರಲಿಲ್ಲ. ಪಶುವೈದ್ಯರು ರಜೆಯ ಮೇಲಿದ್ದರು.

"ಕುದುರೆನೇ ಇಲ್ಲ ಸಾರ್. ಬಂದು ನೋಡಿದ್ರೆ ಗೊತ್ತಾಗುತ್ತೆ."

"ಅದನ್ನ ವೈದ್ಯರು ಬಂದು ಹೇಳಬೇಕು. ಅವರು ಶನಿವಾರ ಬರ್ತಾರೆ. ಅಲ್ಲೀವರೆಗೂ ನೀವು ಊರು ಬಿಡೋ ಹಾಗಿಲ್ಲ."

ರಾಯರ ಕಿವಿ ನಿಮಿರಿತು. "ಊರು ಬಿಡೋ ಹಾಗಿಲ್ವಾ?"

"ಬಿಡೋ ಹಾಗಿಲ್ಲ."

"ಶುಕ್ರವಾರವೂ?"

"ಶುಕ್ರವಾರ ಶನಿವಾರಕ್ಕಿಂತ ಮುಂಚೆ ತಾನೇ ಬರೋದು?"

ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕುದುರೆ ಇಳಿದು ಆಚೆ ಹೋದ ಹಾಗಾಯಿತು. ಸರ್ಕಾರವೇ ತಡೆದರೆ ಬಡಪಾಯಿ ಗಂಡ ಏನು ಮಾಡಬಲ್ಲ? ಹೆಂಡತಿಯ ಮುಂದೆ ಮಾನವೂ ಉಳಿಯಿತು, ಕಾಡಿನಲ್ಲಿ ಪ್ರಾಣವೂ ಉಳಿಯಿತು. ರಾಯರು ಗಂಟಲು ಸರಿಮಾಡಿಕೊಂಡರು.

"ನೋಡಿ ಸಾರ್, ಈಗ ಯೋಚನೆ ಮಾಡಿದ್ರೆ, ಕುದುರೆ ಇಲ್ಲ ಅಂತ ಖಡಾಖಂಡಿತವಾಗಿ ಹೇಳೋಕೂ ಆಗಲ್ಲ."

"ಹಾಗಂದ್ರೆ?"

"ಮನೆ ದೊಡ್ಡದು."

ಮನೆಯಲ್ಲಿದ್ದದ್ದು ಎರಡು ಕೋಣೆ. ಇನ್‌ಸ್ಪೆಕ್ಟರು ಅದನ್ನು ಬರೆದುಕೊಂಡು ಹೋದರು.

ಅಂದಿನಿಂದ ಆ ಕುದುರೆಯನ್ನು ಸಾಕುವ ಹೊಣೆ ರಾಯರದಾಯಿತು. ಹೆಂಡತಿ ಕೆಲಸಕ್ಕೆ ಹೋದ ಮೇಲೆ ಪರದೆ ಕೋಲಿನ ಎರಡು ಗುಂಡು ಹಿಡಿಗಳನ್ನು ನೆಲಕ್ಕೆ ಕುಟ್ಟಿ ಟೀಚರಮ್ಮನ ತಲೆಯ ಮೇಲೆ ನಾಗಾಲೋಟ ಓಡಿಸಿದರು. ಮೆಟ್ಟಿಲ ಮೇಲೆ ಅಷ್ಟಷ್ಟು ಒಣಹುಲ್ಲು ಉದುರಿಸಿದರು. ಕಟ್ಟಡಕ್ಕೆ ಕಟ್ಟಡವೇ ಕುದುರೆಯ ಸುತ್ತ ಸಂಸಾರ ಹೂಡಿತು. ಮೊದಲ ಮಹಡಿಯವರ ಛಾವಣಿ ಕಟ್ಟಿದಂದಿನಿಂದ ಸೋರುತ್ತಿತ್ತು; ಈಗ ಅದು ಏಕೆ ಸೋರುತ್ತದೆಂದು ಅವರಿಗೆ ಗೊತ್ತಾಯಿತು. ತೊಟ್ಟಿಯ ನೀರು ಬೇಗ ಮುಗಿಯುವುದಕ್ಕೂ ಕಾರಣ ಸಿಕ್ಕಿತು. ಮಾತಾಡಿಸದವರೆಲ್ಲ ಮಾತಾಡಿಸಿದರು. "ಬಿಳೀದೋ ಕಂದೋ?" ಎಂದು ಹಾಲಿನವನು ಗೌರವದಿಂದ ಕೇಳಿದ. ಟೀಚರಮ್ಮ ದೂರನ್ನೂ ಬಿಡಲಿಲ್ಲ, ಮನುಷ್ಯತ್ವವನ್ನೂ ಬಿಡಲಿಲ್ಲ. ಬಾಗಿಲ ಮುಂದೆ ಕ್ಯಾರೆಟ್ಟು ಇಟ್ಟು ಹೋದರು. ರಾಯರೇ ಅದನ್ನು ತಿಂದರು.

ಬುಧವಾರ ಸಂಜೆ ಅವರು ಮುಖ ಉದ್ದ ಮಾಡಿಕೊಂಡು ಹೆಂಡತಿಗೆ ಹೇಳಿದರು. "ಏನ್ಮಾಡೋದು ಕಣೇ. ನನಗಂತೂ ಹೋಗ್ಲೇಬೇಕು ಅಂತಿತ್ತು. ಸರ್ಕಾರ ಬಿಡ್ತಿಲ್ಲ."

ಅವಳು ಕಟ್ಟಿಟ್ಟ ಚೀಲವನ್ನು ಬಿಚ್ಚಿದಳು. ಮೇಲೆ ಹೊಸ ಟೋಪಿ ಇತ್ತು, ಅಗಲ ಅಂಚಿನದು. ಅದನ್ನು ಒಮ್ಮೆ ತಲೆಗಿಟ್ಟು, ತೆಗೆದು, ಅಂಗಡಿಯವನು ಕೊಟ್ಟ ಕವರಿಗೇ ವಾಪಸು ತುಂಬಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ರಾಯರಿಗೆ ನಾಚಿಕೆಯಾಯಿತು, ಬಹಳವೇ ಆಯಿತು. ಆದರೆ ಭಯ ನಾಚಿಕೆಗಿಂತ ಒಂದು ಗೇಣು ಎತ್ತರವಿತ್ತು, ಮತ್ತು ಅಳತೆಯಲ್ಲಿ ಅವರು ತಪ್ಪುವವರಲ್ಲ.

ಗುರುವಾರ ಬೆಳಗ್ಗೆ ಹೆಂಡತಿ ಸೀರೆಯ ಸೆರಗು ಸಿಕ್ಕಿಸಿಕೊಂಡು, "ನಡೀರಿ," ಎಂದಳು.

"ಎಲ್ಲಿಗೆ?"

"ನಗರಸಭೆಗೆ."

ಪ್ರಾಣಿ ವಿಭಾಗದ ಕೋಣೆಯಲ್ಲಿ ಒಂದು ಮೇಜು, ಒಂದು ಫ್ಯಾನು, ಯಾರೋ ಬಿಟ್ಟುಹೋದ ನಾಯಿಯ ಸರಪಳಿ. ಅವಳು ಇನ್‌ಸ್ಪೆಕ್ಟರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಸಾರ್, ಈ ದೂರು ಹೇಗೆ ಮುಗಿಯುತ್ತೆ ಹೇಳಿ."

"ಎರಡು ದಾರಿ ಅಮ್ಮ. ಕುದುರೆಗೆ ಪರವಾನಗಿ ತಗೋಬೇಕು, ಇಲ್ಲ ಕುದುರೆಯನ್ನ ಊರಾಚೆ ಸಾಗಿಸಬೇಕು."

"ಇಲ್ಲದ್ದನ್ನ ಹೇಗೆ ಸಾಗಿಸೋದು?"

"ಇಲ್ಲ ಅಂತ ಯಾರು ಹೇಳಿದ್ದು? ನಿಮ್ಮ ಯಜಮಾನರು ಮನೆ ದೊಡ್ಡದು ಅಂದಿದಾರೆ."

ಅವಳು ನಿಧಾನವಾಗಿ ಗಂಡನ ಕಡೆ ತಿರುಗಿದಳು. ರಾಯರು ಫ್ಯಾನು ನೋಡುತ್ತಿದ್ದರು. ಫ್ಯಾನು ತಿರುಗುತ್ತಿರಲಿಲ್ಲ.

"ಆಯ್ತು," ಎಂದಳು. "ಸಾಗಿಸೋದಕ್ಕೆ ಏನೇನಾಗಬೇಕು?"

"ದೂರು ಕೊಟ್ಟವರು, ಸಂಘದ ಅಧ್ಯಕ್ಷರು ಎದುರಿಗಿರಬೇಕು. ನಾನೂ ಇರ್ತೀನಿ. ಕುದುರೆ ನಿಮ್ಮ ಗೇಟಿಂದ ಹೊರಗೆ ಹೋಗಬೇಕು. ಮಾಲೀಕರು ತಾವೇ ಅದರ ಮೇಲೆ ಕೂತು ಊರ ಗಡಿ ದಾಟಿಸಬೇಕು."

"ನಾಳೆ ಬೆಳಗ್ಗೆ ಆಗುತ್ತಾ?"

"ಆಗುತ್ತೆ."

"ಆದರೆ ಸಾರ್, ವೈದ್ಯರು ನೋಡದೆ ಹೇಗೆ," ಎಂದು ರಾಯರು ಕಷ್ಟಪಟ್ಟು ಬಾಯಿ ಹಾಕಿದರು. "ಶನಿವಾರ ತಾನೇ ಅವರು ಬರೋದು?"

"ಇರೋ ಕುದುರೆಗೆ ವೈದ್ಯರು ಬೇಕು. ಹೋಗೋ ಕುದುರೆಗೆ ಬೇಡ."

"ನನಗೆ ನಾಳೆ ಆಗುತ್ತೋ ಇಲ್ವೋ..."

"ಅವರಿಗೂ ಆಗುತ್ತೆ," ಎಂದು ಹೆಂಡತಿ ಎದ್ದಳು.

ಶುಕ್ರವಾರ ಬೆಳಗಾಯಿತು. ಕುದುರೆಯವನು ಮೂರು ಕುದುರೆ ಹಿಡಿದುಕೊಂಡು ಹಿಂದಿನ ಗೇಟಿನಿಂದ ಅಂಗಳಕ್ಕೆ ಬಂದಾಗ ಕಟ್ಟಡದ ಎಲ್ಲ ಬಾಲ್ಕನಿಗಳೂ ತುಂಬಿದ್ದವು. ಎರಡು ಸವಾರಿಗೆ, ಒಂದು ಹೊರೆಗೆ. ಮೂರು ಕಂಡ ಅಧ್ಯಕ್ಷರ ಬಾಯಿ ಒಣಗಿತು. "ಮೂರಾ?" ಎಂದರು. "ಅದಕ್ಕೇ ನೀರು ಸಾಲ್ತಿರಲಿಲ್ಲ."

"ಇವು ಮೇಲಿನಿಂದ ಇಳಿದದ್ದನ್ನ ನಾನು ನೋಡಲಿಲ್ಲ," ಎಂದರು ಟೀಚರಮ್ಮ ಅನುಮಾನದಿಂದ.

"ನಾನು ಹಲ್ಲುಜ್ಜುವಾಗ ಇಳಿದ್ವು. ಸದ್ದು ಕೇಳಿಸ್ತು," ಎಂದರು ಅಧ್ಯಕ್ಷರು. ಅಧ್ಯಕ್ಷರು ಕೇಳಿಸಿತೆಂದ ಮೇಲೆ ಅದು ಕೇಳಿಸಿದ ಹಾಗೆಯೇ. ಇನ್‌ಸ್ಪೆಕ್ಟರು ಬರೆದುಕೊಂಡರು. ಷಡ್ಡಕನೂ ಬಂದಿದ್ದ. ಫೋನನ್ನು ಎದೆಯೆತ್ತರಕ್ಕೆ ಹಿಡಿದುಕೊಂಡು, ರಾಯರು ಬೀಳುವ ಕ್ಷಣ ತಪ್ಪಿಹೋಗದ ಹಾಗೆ ಒಳ್ಳೆಯ ಜಾಗ ಹಿಡಿದು ನಿಂತಿದ್ದ.

ಕುದುರೆಯವನು ಎರಡೂ ಕಡೆಯ ಹೊರೆಯನ್ನು ಕೈಯಲ್ಲಿ ಎತ್ತಿ ತೂಗಿ ನೋಡಿ, ಒಂದು ಪಾತ್ರೆಯನ್ನು ಆ ಕಡೆಯಿಂದ ಈ ಕಡೆಗೆ ಹಾಕಿದ. ಹೆಂಡತಿ ಟೋಪಿ ಹಾಕಿಕೊಂಡು, ಮೆಟ್ಟುಕಲ್ಲಿನ ಮೇಲಿಂದ ಹತ್ತಿ ಕೂತೇಬಿಟ್ಟಳು. ಉಳಿದದ್ದು ಕಂದು ಕುದುರೆ. ಅದು ಅವತ್ತಿನ ಹಾಗೆಯೇ ರಾಯರನ್ನು ನೋಡಿ ಫುರ್ ಎಂದಿತು.

ರಾಯರು ಅಂಗಳದ ನಡುವೆ ನಿಂತು, ಜೀವನದಲ್ಲಿ ಮೊದಲ ಬಾರಿಗೆ ತಾಲೀಮಿಲ್ಲದೆ ಒಂದು ಮಾತು ಹೇಳಿದರು.

"ನನಗೆ ಕುದುರೆ ಅಂದ್ರೆ ಭಯ."

ಬಾಲ್ಕನಿಗಳು ಒಟ್ಟಿಗೇ ನಕ್ಕವು.

"ಮೂರನೇ ಮಹಡೀಲಿ ಮೂರು ಸಾಕಿದವರಿಗೆ ಭಯವಂತೆ," ಎಂದ ಹಾಲಿನವನು.

"ನಿಜ ಹೇಳ್ತಿದೀನಿ. ನಾನು ಕುದುರೆ ಮುಟ್ಟಿಯೂ ಇಲ್ಲ. ಮನೇಲಿ ಕುದುರೆ ಇರಲೇ ಇಲ್ಲ."

"ದೊಡ್ಡವರು ಯಾವತ್ತೂ ಹೀಗೇ," ಎಂದರು ಅಧ್ಯಕ್ಷರು ಇನ್‌ಸ್ಪೆಕ್ಟರಿಗೆ. "ತಮ್ಮದೇನೂ ಇಲ್ಲ ಅಂತಾರೆ."

"ಅಳತೆರಾಯರೇ, ಸಾಕು ವಿನಯ. ಹತ್ತಿ," ಎಂದರು ಟೀಚರಮ್ಮ, ತರಗತಿಯ ದನಿಯಲ್ಲಿ.

ರಾಯರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಸುಳ್ಳು ಹೇಳಿದಾಗ ಒಬ್ಬರೂ ಬಿಡದೆ ನಂಬಿದ ಜನ, ನಿಜ ಹೇಳಿದಾಗ ಒಬ್ಬರೂ ನಂಬುತ್ತಿಲ್ಲ. ಅಳು ಬರುವಷ್ಟು ಸಿಟ್ಟು ಬಂತು. ಆಗ ಹೆಂಡತಿ ಜೀನಿನ ಮೇಲಿಂದ ಬಗ್ಗಿ, ಅವರೊಬ್ಬರಿಗೇ ಕೇಳಿಸುವಷ್ಟು ಮೆಲ್ಲಗೆ, "ನನಗೆ ಗೊತ್ತು," ಎಂದಳು.

"ಏನು ಗೊತ್ತು?"

"ಭಯ ಅಂತ. ಸೋಫಾದಿಂದ ಇಳಿಯೋವಾಗ್ಲೂ ಕಣ್ಣು ಮುಚ್ಕೋತಿದ್ರಿ."

"ಮೆಟ್ಟಿಲ ಮೇಲಿನ ಹುಲ್ಲು..."

"ಅದೂ ಗೊತ್ತು. ದಿನಾ ಗುಡಿಸಿದ್ದು ನಾನೇ."

ರಾಯರ ಮುಖ ಸಪ್ಪಗಾಯಿತು. "ಎಲ್ಲ ಗೊತ್ತಿದ್ದೂ ನಗರಸಭೆಗೆ ಯಾಕೆ ಹೋದೆ?"

"ನನಗೆ ಎಲ್ಲಿಗಾದ್ರೂ ಹೋಗ್ಬೇಕಿತ್ತು ರೀ. ಅಕ್ಕನ ಜೊತೆ ಹೋಗಬಹುದಿತ್ತು, ಎಷ್ಟು ಸಲ ಕರೆದಳು. ನನಗೆ ನಿಮ್ಮ ಜೊತೆ ಹೋಗ್ಬೇಕಿತ್ತು." ಅವಳ ದನಿ ಒಂಚೂರು ಒಡೆಯಿತು. ತಕ್ಷಣ ಸರಿಮಾಡಿಕೊಂಡಳು. "ಕಾಲೆತ್ತಿ."

ರಾಯರು ಕಣ್ಣು ಮುಚ್ಚಿದರು. ಕಾಲಿಡುವ ರಿಕಾಪು ಕೈಗೆ ಸಿಕ್ಕಿತು. ಯಾವ ಕಾಲು ಮೊದಲೆಂದು ಯಾರನ್ನೂ ಕೇಳದೆ, ಉಸಿರು ಬಿಗಿಹಿಡಿದು, ಒಂದು ಕಾಲು ಸಿಕ್ಕಿಸಿ ಇನ್ನೊಂದನ್ನು ಬೀಸಿ, ದೊಪ್ಪೆಂದು ಕೂತರು. ಬೀಳಲಿಲ್ಲ. ಮೆಲ್ಲಗೆ ಕಣ್ಣು ತೆರೆದರೆ ಎದುರಿಗೆ ಕುದುರೆಯ ಕತ್ತು ಇರಲಿಲ್ಲ. ಬಾಲವಿತ್ತು.

ಇದೂ ಒಂದು ಶೈಲಿ ಇರಬೇಕೆಂದುಕೊಂಡ ಕುದುರೆಯವನು ನಾಲಿಗೆಯಲ್ಲಿ ಟಕ್ ಎನ್ನಿಸಿ ಲಗಾಮು ಹಿಡಿದು ನಡೆದ. ರಾಯರು ಜೀನಿನ ಹಿಂಬದಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಮುಖವನ್ನು ಕಟ್ಟಡದ ಕಡೆಗಿಟ್ಟುಕೊಂಡು ಗೇಟು ದಾಟಿದರು.

ಅಧ್ಯಕ್ಷರ ಕಣ್ಣು ಒದ್ದೆಯಾಯಿತು. "ನೋಡಿ, ಮರ್ಯಾದೆ ಅಂದ್ರೆ ಇದು. ಬೀಳ್ಕೊಡೋಕೆ ಬಂದವರಿಗೆ ಬೆನ್ನು ತೋರಿಸಲಿಲ್ಲ." ಇನ್‌ಸ್ಪೆಕ್ಟರು ಟೋಪಿ ತೆಗೆದರು. ಟೀಚರಮ್ಮ ಕೈಬೀಸಿದರು. ಷಡ್ಡಕ ಫೋನನ್ನು ಜೇಬಿಗಿಳಿಸಿ, ಈಜು ಬಲ್ಲವನಿಗೂ ಇಂಥದ್ದು ಸಾಧ್ಯವಿಲ್ಲವೆಂದು ಒಪ್ಪಿಕೊಂಡವನ ಹಾಗೆ ಸುಮ್ಮನೆ ನಿಂತ.

ಹೆಂಡತಿಯ ಕುದುರೆ ಹಿಂದಿನಿಂದ ಬರುತ್ತಿತ್ತು. ಗಂಡ ಹೆಂಡತಿ ಎದುರುಬದುರಾಗಿ, ನಡುವೆ ಒಂದು ಕಂದು ಬಾಲ ಆಡುತ್ತಿರಲು, ಪರದೆ ಅಂಗಡಿಯ ಮುಂದೆಯೇ ಹಾದುಹೋದರು. ಅವಳು ಬೀದಿಯ ಮೂಲೆಯವರೆಗೂ ತುಟಿ ಬಿಗಿಹಿಡಿದಿದ್ದಳು. ಮೂಲೆ ತಿರುಗಿದ್ದೇ ತಡ, ನಗು ತಡೆಯಲಾಗದೆ ಕುದುರೆಯ ಕತ್ತಿನ ಮೇಲೆ ಬಗ್ಗಿಬಿಟ್ಟಳು. ಎದ್ದು ಕಣ್ಣೊರೆಸಿಕೊಂಡು, ಗಂಡನ ಮುಖ ಕಂಡು, ಮತ್ತೆ ನಕ್ಕಳು. ಟೋಪಿ ಒಂದು ಕಡೆಗೆ ವಾಲಿತು. ಅವಳು ಅದನ್ನು ಸರಿಮಾಡಿಕೊಳ್ಳಲೂ ಹೋಗಲಿಲ್ಲ.

ಊರ ಗಡಿಯ ಕಲ್ಲು ದಾಟಿದ ಮೇಲೆ ಕುದುರೆಯವನು ನಿಲ್ಲಿಸಿದ. "ಇನ್ನು ಕಾಡುದಾರಿ. ಇಳಿಸಿ ತಿರುಗಿ ಕೂರಿಸಲಾ?"

ರಾಯರು ಮುಂದಿನ ದಾರಿಯ ಕಡೆ ಕತ್ತು ಹೊರಳಿಸಲೂ ಇಲ್ಲ. ಅವಳು ಇನ್ನೂ ನಗುತ್ತಲೇ ಇದ್ದಳು.

"ಸ್ವಲ್ಪ ಹೊತ್ತು ಹೀಗೇ ಇರಲಿ," ಎಂದರು.